ಐದು ನಕ್ಷತ್ರದ ಸ್ನಾನ

ದೀಪಾವಳಿಗೆ ಇನ್ನೊಂದು ವಾರವಿದೆ ಎನ್ನುವಾಗ ಗೀಸರಿನ ತಳ ತೂತಾಯಿತು. ಬೋರ್‌ವೆಲ್ ನೀರಿನ ಉಪ್ಪು ಹನ್ನೊಂದು ವರ್ಷ ಒಳಗೇ ಕೂತು ತಿಂದಿತ್ತು. ರಿಪೇರಿಯವನು ಕಾಯಿಲ್ ಎಳೆದು ತೋರಿಸಿದ. ಅಕ್ಕಿಹಿಟ್ಟಿನಲ್ಲಿ ಹೊರಳಿಸಿದ ಕೋಡುಬಳೆಯಂತಿತ್ತು.

ಹೊಸದು ಯಾವುದು ತರುವುದೆಂದು ಮನೆಯಲ್ಲಿ ಮೂರು ದಿನ ಅಧಿವೇಶನ ನಡೆಯಿತು. ಮಗನದು ಹೀಟ್ ಪಂಪ್ ಪಕ್ಷ. ಫ್ರಿಜ್ಜನ್ನು ತಿರುವಿ ಹಾಕಿದಂಥ ಯಂತ್ರವದು. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸುರಿಯುವುದರಿಂದ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನ ಬಿಸಿ ಸಿಗುತ್ತದೆ ಎಂದು ವಿವರಿಸಿದ.

"ಒಂದು ಕೊಟ್ರೆ ಮೂರಾ? ಹಿಂಗೇ ಹೇಳಿದ್ದ ಚೀಟಿಯವನು ರಾತ್ರೋರಾತ್ರಿ ಊರು ಬಿಟ್ಟ" ಎಂದರು ಅಪ್ಪಯ್ಯ.

ಗ್ಯಾಸ್ ಗೀಸರಿನ ಮಾತನ್ನು ಹೆಂಡತಿ ಎತ್ತಗೊಡಲಿಲ್ಲ. ಗಾಳಿಯಾಡದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯ ಸುಳಿವೂ ಕೊಡದೆ ಜೀವ ತೆಗೆಯುತ್ತದೆ. ನಮ್ಮ ಬಚ್ಚಲ ಕಿಟಕಿಯೋ, ಅಂಗೈಯಗಲ. ಸೋಲಾರ್ ತಾರಸಿಯ ಮೇಲೆ ಇದ್ದೇ ಇದೆ. ಆದರೆ ನಾವಿರುವುದು ನೆಲಮಹಡಿ. ಬಿಸಿನೀರು ಮೂರು ಮಹಡಿ ಇಳಿದು ಬರುವಷ್ಟರಲ್ಲಿ ಒಂದೂವರೆ ಬಕೆಟ್ ತಣ್ಣೀರು ಹರಿದುಹೋಗಿರುತ್ತದೆ. ಬೆಂಗಳೂರಿನಲ್ಲಿ ಕರೆಂಟ್ ಉಳಿಸಿ ಟ್ಯಾಂಕರ್ ತರಿಸಿದ ಹಾಗೆ.

ಕೊನೆಗೆ ಕ್ಯಾಲೆಂಡರಿನ ಬೆನ್ನ ಮೇಲೆ ನಾನೇ ಲೆಕ್ಕ ಹಾಕಿದೆ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಬೇಕಾದ್ದು 0.7 ಯೂನಿಟ್. ಈ ಲೆಕ್ಕ ಎಲ್ಲ ಕಾಯಿಲ್ ಗೀಸರಿಗೂ ಒಂದೇ! ಹಾಗಾದರೆ ಗೀಸರಿನ ಮೇಲೆ ಅಂಟಿಸಿರುವ ನಕ್ಷತ್ರಗಳು ಯಾತಕ್ಕೆ? ಕಾದ ನೀರು ಸುಮ್ಮನೆ ನಿಂತಿರುವಾಗ ಎಷ್ಟು ಬಿಸಿ ಸೋರುತ್ತದೆ ಎಂದು ಅಳೆಯಲಿಕ್ಕೆ. ಕಡಿಮೆ ಸೋರಿದರೆ ಹೆಚ್ಚು ನಕ್ಷತ್ರ.

ಸೋರುವ ವಿಷಯಕ್ಕೆ ಬಂದರೆ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ತಾಮ್ರದ ಹಂಡೆಗೆ ನಕ್ಷತ್ರವಲ್ಲ, ಗ್ರಹಣವನ್ನೇ ಅಂಟಿಸಬೇಕಿತ್ತು. ಅಡಿಕೆ ಸಿಪ್ಪೆ, ಒಣಸೋಗೆ, ತೆಂಗಿನ ಗರಿ ಉರಿಸಿದ ಬೆಂಕಿಯಲ್ಲಿ ಹತ್ತಕ್ಕೆ ಒಂದೆರಡು ಪಾಲು ನೀರಿಗೆ ಸೇರಿದ್ದರೆ ಹೆಚ್ಚು. ಮಿಕ್ಕಿದ್ದಕ್ಕೆ ಪಾಲುದಾರರು ಬೇರೆ ಇದ್ದರು. ಬೂದಿಯಲ್ಲಿ ಹೂತಿಟ್ಟ ಹಲಸಿನ ಬೀಜ. ಮೀಸೆ ಕರಕಲಾದರೂ ಒಲೆಯ ಕಟ್ಟೆ ಬಿಡದ ಬೆಕ್ಕು. ಆಷಾಢದಲ್ಲಿ ಮೂರು ದಿನವಾದರೂ ಒಣಗದ ನಮ್ಮ ಚಡ್ಡಿಗಳು. ಅಜ್ಜಿಯ ಮೊಣಕಾಲು. ಶಾಲೆಗೆ ಹೊರಡಲು ಮನಸ್ಸಿಲ್ಲದೆ "ನೀರು ಇನ್ನೂ ಕಾದಿಲ್ಲ" ಎಂದು ಬೆಂಕಿಗೆ ಬೆನ್ನೊಡ್ಡಿ ಕೂತ ನಾನು. ಅಮ್ಮನ ಪಾಲಿಗೆ ಮಾತ್ರ ಹೊಗೆ. ಊದುಗೊಳವೆ ಹಿಡಿದು ಕೆಮ್ಮುತ್ತಿದ್ದ ಅವಳನ್ನು ಈ ಲೆಕ್ಕಕ್ಕೆ ಯಾರೂ ಕೇಳಲಿಲ್ಲ.

ಐದು ನಕ್ಷತ್ರದ್ದೇ ಬಂತು. ನೀರು ತುಂಬುವ ಹಬ್ಬದ ಸಂಜೆ ಅಪ್ಪಯ್ಯ ಸ್ಟೂಲ್ ಕೇಳಿದರು. ಊರಿಂದ ಬಂದವರ ಕೈಲಿ ಹಿಂಡಲೆ ಬಳ್ಳಿ ತರಿಸಿಟ್ಟಿದ್ದರು! ಹಂಡೆಯ ಕೊರಳಿಗೆ ಸುತ್ತಬೇಕಾದ್ದನ್ನು ಸೂರಿಗಂಟಿದ ಬಿಳಿ ಡಬ್ಬಿಗೆ ಕತ್ತೆತ್ತಿ ಸುತ್ತಿ, ನಡುವಿನ ನಕ್ಷತ್ರಕ್ಕೆ ಸರಿಯಾಗಿ ಕುಂಕುಮವಿಟ್ಟರು.

ಮರುದಿನ ಎಣ್ಣೆಸ್ನಾನ ಮುಗಿಸಿ, ತಲೆಗೆ ಪಂಚೆ ಸುತ್ತಿಕೊಂಡು ಹೊರಬಂದರು. ಹೇಗಿತ್ತೆಂದು ಕೇಳಿದೆ.

"ನೀರೇನೋ ಚೆನ್ನಾಗಿ ಕಾದಿದೆ. ಬೆನ್ನು ಕಾಯಿಸ್ಕಂಡು ಕೂರಕ್ಕೆ ಜಾಗ ಎಲ್ಲಿಟ್ಟಿದಾರೆ?"