ಅಕ್ಕನ ಮನೆಗೆ ಹೊಸ ಟಿ.ವಿ.

ಹಳೆಯ ಶಾಲೆಯ ನೆನಪುಗಳನ್ನು ಬರೆಯುತ್ತಿದ್ದ ಮೇಷ್ಟರು ಈಗ ಟಿ.ವಿ. ಅಂಗಡಿಯ ವಿಚಾರಕ್ಕೆ ಇಳಿದರಲ್ಲ ಎಂದು ನೀವು ನಗಬಹುದು. ಆದರೆ ನನ್ನಲ್ಲಿ ಓದಿದವರಲ್ಲಿ ಅನೇಕರ ಮನೆಗಳಲ್ಲಿ ಈಗ ಎಂಬತ್ತರ ಆಸುಪಾಸಿನ ತಂದೆತಾಯಿಯರಿದ್ದಾರೆ. ಅವರಿಗಾಗಿ ದುಬಾರಿ ಟಿ.ವಿ. ಕೊಳ್ಳಲು ಹೊರಟವರಿಗೆ ಈ ಬರಹದಿಂದ ಕಿಂಚಿತ್ ಉಪಯೋಗವಾದೀತು ಎಂಬ ಭಾವನೆಯಿಂದ ಬರೆಯುತ್ತಿದ್ದೇನೆ.

ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕನಿಗೆ ಈಗ ಎಂಬತ್ತಮೂರು. ನಾನು ಶಾಲೆಗೆ ಹೋಗಲೆಂದು ತಾನು ದನ ಕಾಯ್ದವಳು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ಐವತ್ತು ದಾಟಿದ ಮೇಲೆ, ಲಾಟೀನಿನ ಬೆಳಕಿನಲ್ಲಿ ಅಕ್ಷರ ತಿದ್ದಿ ಓದಲು ಕಲಿತಳು. ಕಳೆದ ನಾಲ್ಕೈದು ವರ್ಷಗಳಿಂದ ಅವಳ ಕಿವಿ ಮಂದವಾಗುತ್ತಾ ಬಂದಿದೆ. ಮೊದಲು ಮಾತಿನ ನಡುವೆ ಸುಮ್ಮನೆ ನಗುತ್ತಿದ್ದಳು; ಆಮೇಲೆ ಎಲ್ಲರೂ ಕುಳಿತಿರುವಾಗ ಎದ್ದು ಹಿತ್ತಿಲಿಗೆ ಹೋಗತೊಡಗಿದಳು. ಮನೆ ತುಂಬ ಜನರಿದ್ದರೂ ಅವಳು ಒಂಟಿಯಾಗುತ್ತಿದ್ದುದನ್ನು ಕಂಡು ನನಗೆ ಬಹಳ ಸಂಕಟವಾಗುತ್ತಿತ್ತು.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತಷ್ಟೆ. ಅದಾದ ಮೇಲೆ ಅಕ್ಕನ ಮಗ ದೊಡ್ಡ ಟಿ.ವಿ. ತರುವ ಮನಸ್ಸು ಮಾಡಿದ. ಅರಿಸಿನ ಮಾರಿದ ಹಣವಿತ್ತು, ಮನೆಗೆ ಫೈಬರ್ ಇಂಟರ್ನೆಟ್ ಸಹ ಬಂದಿತ್ತು. "ಮಾವ, 65 ಇಂಚಿನ ಓಎಲ್‌ಇಡಿ ತರೋಣ. ಅವ್ವ ಹಳೇ ರಾಜಕುಮಾರ್ ಸಿನಿಮಾ ಎಲ್ಲಾ ನೋಡ್ಕೊಂಡು ಇರ್ತಾಳೆ" ಎಂದ. ಅವನ ಮಾತೃಭಕ್ತಿಯಲ್ಲಿ ಕ್ರಿಕೆಟ್ ಪ್ರೇಮವೂ ಸ್ವಲ್ಪ ಬೆರೆತಿತ್ತೆನ್ನಿ.

ಓಎಲ್‌ಇಡಿಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. 4ಕೆ ಪರದೆಯಲ್ಲಿ ಅಡ್ಡಲಾಗಿ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಸಾಮಾನ್ಯ ಎಲ್‌ಇಡಿ ಟಿ.ವಿ.ಯಲ್ಲಿ ಬೆಳಕು ಪರದೆಯ ಹಿಂದಿನಿಂದ ಬರುತ್ತದೆ. ಓಎಲ್‌ಇಡಿಯಲ್ಲಾದರೋ ಪ್ರತಿಯೊಂದು ಬಿಂದುವೂ ತಾನೇ ಬೆಳಗಿ ತಾನೇ ಆರುತ್ತದೆ. ಆದ್ದರಿಂದ ಕಪ್ಪು ಎಂದರೆ ಅಮಾವಾಸ್ಯೆಯ ಕಪ್ಪು. ಆದರೆ ಆ ಸೊಗಸು ಪೂರ್ತಿಯಾಗಿ ಕಾಣುವುದು ಕತ್ತಲೆ ಕೋಣೆಯಲ್ಲಿ. ಅಕ್ಕನ ಪಡಸಾಲೆಗೆ ಪೂರ್ವದ ಕಿಟಕಿಯಿಂದ ಮಧ್ಯಾಹ್ನದವರೆಗೂ ಬೆಳಕು ಸುರಿಯುತ್ತದೆ. ಸಾಲದ್ದಕ್ಕೆ, ದಿನವಿಡೀ ವಾರ್ತಾವಾಹಿನಿ ಹಾಕಿಟ್ಟರೆ ಒಂದೇ ಜಾಗದಲ್ಲಿ ನಿಲ್ಲುವ ಅದರ ಲಾಂಛನ ಕಾಲಕ್ರಮದಲ್ಲಿ ಓಎಲ್‌ಇಡಿ ಪರದೆಯ ಮೇಲೆ ನೆರಳಿನಂತೆ ಉಳಿದುಬಿಡುವ ಸಂಭವವೂ ಉಂಟು.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಅಕ್ಕನೇ ಎತ್ತಿದಳು. "ಈಗಿರೋ ಟಿ.ವಿ.ಲೂ ಅವರ ಬಾಯಾಡದು ಕಾಣ್ತದ ಕನಪ್ಪ. ಮಾತ್ಮಾತ್ರ ಕೇಳಲ್ಲ."

ನನಗೆ 1987-88ರ ರಾಮಾಯಣದ ಭಾನುವಾರಗಳು ನೆನಪಾದವು. ಬೀದಿಗೆಲ್ಲ ಇದ್ದ ಒಂದೇ ಟಿ.ವಿ.ಯ ಮುಂದೆ ನೆರೆದವರಲ್ಲಿ ಹಿಂದಿ ಬಲ್ಲವರು ಒಬ್ಬಿಬ್ಬರೂ ಇರಲಿಲ್ಲ. ಬಿದಿರುಗಳುವಿನ ತುದಿಯ ಆಂಟೆನಾ ಗಾಳಿಗೆ ತಿರುಗಿದರೆ ಲಂಕೆಯಲ್ಲೆಲ್ಲ ಹಿಮ ಬೀಳುತ್ತಿತ್ತು. ಆದರೂ ಯಾರಿಗೂ ಕಥೆ ತಪ್ಪಲಿಲ್ಲ, ಏಕೆಂದರೆ ಕಥೆ ಎಲ್ಲರಿಗೂ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಹೊಸ ಕಥೆಗೆ ಮಾತು ಬೇಕೇ ಬೇಕು.

ವಯಸ್ಸಾದವರ ಕಿವಿ ಮಂದವಾಗುವ ಬಗೆಯನ್ನು ಕನ್ನಡ ಮೇಷ್ಟರ ಭಾಷೆಯಲ್ಲಿ ಹೇಳುವುದಾದರೆ, ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಕಳೆದುಹೋಗುತ್ತವೆ. ಸ, ಶ, ತ, ಕ ಮೊದಲಾದವುಗಳ ಸಣ್ಣ, ಚುರುಕಾದ ಧ್ವನಿಯೇ ಮೊದಲು ಮಾಯವಾಗುವುದು. ಆದ್ದರಿಂದ ವಾಲ್ಯೂಮ್ ಹೆಚ್ಚಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಇಂದಿನ ತೆಳು ಟಿ.ವಿ.ಗಳಲ್ಲಿ ಸ್ಪೀಕರುಗಳು ಕೆಳಕ್ಕೋ ಗೋಡೆಯ ಕಡೆಗೋ ಮುಖ ಮಾಡಿರುವುದರಿಂದ ತೊಡಕು ಇನ್ನಷ್ಟು ಹೆಚ್ಚು.

ಹೀಗಾಗಿ ನಾವು ಮೊದಲು ಅಕ್ಕನ ಕಿವಿ ಪರೀಕ್ಷೆ ಮಾಡಿಸಿ ಶ್ರವಣ ಸಾಧನ ಹಾಕಿಸಿದೆವು. ಅನಂತರ ಅವಳನ್ನು ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರಕ್ಕೆ ಕರೆತಂದು ಅಂಗಡಿಗೆ ಹೋದೆವು. ಅಲ್ಲಿನ ಪರದೆಗಳ ಮೇಲೆಲ್ಲ ಜಲಪಾತ, ಹೂವು, ಮೀನುಗಳೇ ಓಡಾಡುತ್ತಿದ್ದವು. ಹಳದಿ ಹೂವಿನ ತೋಟವೊಂದನ್ನು ಹುಡುಗ ಹೆಮ್ಮೆಯಿಂದ ತೋರಿಸಿದಾಗ ಅಕ್ಕ, "ನಮ್ಮ ಹೊಲದ ಚೆಂಡುಹೂವೇ ಇದಕಿಂತ ಚೆನ್ನಾಗದ" ಎಂದುಬಿಟ್ಟಳು. ಮಾತೇ ಇಲ್ಲದ ಚಿತ್ರದಿಂದ ಅವಳಿಗೆ ಟಿ.ವಿ. ಆರಿಸುವುದು ಸಾಧ್ಯವಿರಲಿಲ್ಲ. ಕನ್ನಡ ವಾರ್ತೆ ಹಾಕಿಸಿದೆ, 'ಕಸ್ತೂರಿ ನಿವಾಸ'ದ ಒಂದು ದೃಶ್ಯ ಹಾಕಿಸಿದೆ. ಅಕ್ಕ ಏಳು ಅಡಿ ದೂರದ ಕುರ್ಚಿಯಲ್ಲಿ ಕುಳಿತು, ಅರ್ಥವಾದ ವಾಕ್ಯವನ್ನು ಮತ್ತೆ ಹೇಳುತ್ತಾ ಹೋದಳು. ಒಂದೊಂದು ಟಿ.ವಿ.ಯಲ್ಲೂ ಅವಳು ಹಿಡಿದ ಮಾತು ಬೇರೆ ಬೇರೆ. ಚಿಕ್ಕಂದಿನಲ್ಲಿ ಶಾಲೆಯ ಮುಖ ಕಾಣದವಳಿಗೆ ನಾನು ಉಕ್ತಲೇಖನ ಕೊಡುತ್ತಿರುವಂತೆ ಭಾಸವಾಗಿ ಗಂಟಲು ಕಟ್ಟಿತು.

ಕೊನೆಗೆ ತಂದದ್ದು ಪ್ರಖರ ಹಿಂಬೆಳಕಿನ 55 ಇಂಚಿನ ಮಿನಿ ಎಲ್‌ಇಡಿ. ಏಳು ಅಡಿ ದೂರಕ್ಕೆ ಅದು ಧಾರಾಳವಾಯಿತು. ಉಳಿದ ಹಣದಲ್ಲಿ ಮಾತಿಗೆಂದೇ ಮಧ್ಯದಲ್ಲಿ ಪ್ರತ್ಯೇಕ ಸ್ಪೀಕರ್ ಇರುವ ಸೌಂಡ್‌ಬಾರ್, ಹಾಗೂ ಟಿ.ವಿ.ಯ ಧ್ವನಿಯನ್ನು ನೇರವಾಗಿ ಶ್ರವಣ ಸಾಧನಕ್ಕೆ ಕಳಿಸುವ ಪುಟ್ಟ ಪೆಟ್ಟಿಗೆ ಬಂದವು. ನೀವೂ ಕೊಳ್ಳುವ ಮೊದಲು ಟಿ.ವಿ.ಯ ಹಿಂಬದಿಯನ್ನು ನೋಡಿ: ಇಂಥ ಪೆಟ್ಟಿಗೆಗೆ ಬೇಕಾದ ಆಪ್ಟಿಕಲ್ ಅಥವಾ ಹೆಡ್‌ಫೋನ್ ಕಿಂಡಿ ಎಲ್ಲ ಟಿ.ವಿ.ಗಳಲ್ಲೂ ಇರುವುದಿಲ್ಲ. ಬಂದಂದೇ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನು ಆರಿಸಿದೆವು. ಅದರಿಂದ ಹಳೆಯ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ.

ಈಗ ವಾರ್ತೆ ಅವಳಿಗೆ ಬಹುಮಟ್ಟಿಗೆ ತಿಳಿಯುತ್ತದೆ. ಸಿನಿಮಾದಲ್ಲಿ ಸಂಗೀತ ಜೋರಾದಾಗ ಮಾತು ಇನ್ನೂ ಮುಳುಗುತ್ತದೆ. ಆಗ ಅಳಿಯ ಉಪಶೀರ್ಷಿಕೆ ಹಾಕಿದ. ನಾವು ನೋಡಿದ ಒಂದೊಂದು ಕನ್ನಡ ಚಿತ್ರಕ್ಕೂ ಬಂದದ್ದು ಇಂಗ್ಲಿಷ್ ಅಕ್ಷರಗಳೇ. ಅಕ್ಕ ಕನ್ನಡಕ ಸರಿಪಡಿಸಿಕೊಂಡು ಸ್ವಲ್ಪ ಹೊತ್ತು ನೋಡಿ, "ಇದು ಕನ್ನಡದ ಸಿನಿಮಾ ತಾನೇ? ಅಕ್ಷರ ಯಾಕ ಇಂಗ್ಲೀಷು? ನಾ ಕಲ್ತಿರದು ಕನ್ನಡ ಅಲ್ವಾ?" ಎಂದು ಕೇಳಿದಳು. ನಾನಾಗಲಿ ಅಳಿಯನಾಗಲಿ ಉತ್ತರ ಹೇಳಲಿಲ್ಲ.

ಇದೇನು ಆಗದ ಕೆಲಸವಲ್ಲ. ಹಾಡಿನ ಭಾಷೆಯಲ್ಲೇ ಹಾಡಿನ ಸಾಲುಗಳನ್ನು ಪರದೆಯ ಮೇಲೆ ಮೂಡಿಸಿದರೆ ಜನರ ಓದು ಬಲಗೊಳ್ಳುತ್ತದೆ ಎಂಬ ವಿಚಾರವನ್ನು 1996ರಲ್ಲಿ ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿಯವರು ಮುಂದಿಟ್ಟರು; 1999ರಲ್ಲಿ ದೂರದರ್ಶನದ ಗುಜರಾತಿ ಚಿತ್ರಗೀತೆ ಕಾರ್ಯಕ್ರಮದಲ್ಲಿ ಅದು ಕಾರ್ಯರೂಪಕ್ಕೂ ಬಂದಿತು. ಹೊಸದಾಗಿ ಅಕ್ಷರ ಕಲಿತವರಿಗೆ ನೆರವಾದದ್ದು ಕಿವಿ ಕೇಳದವರಿಗೆ ಇನ್ನೂ ಹೆಚ್ಚು ನೆರವಾಗುತ್ತದೆ. ನನ್ನ ಅಕ್ಕ ಇಬ್ಬರೂ ಹೌದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ, ಒಬ್ಬಿಬ್ಬರು ಸಿನಿಮಾ ಸಂಕಲನದಲ್ಲೂ ಇದ್ದೀರಿ. ನಿಮ್ಮ ಕೈ ಹಾಯುವ ಕಡೆ ಕನ್ನಡ ಚಿತ್ರದ ಕೆಳಗೆ ಕನ್ನಡದ ಒಂದು ಸಾಲು ಬರುವಂತೆ ಮಾಡಿ. ಕಾಗುಣಿತ ತಿದ್ದಿಕೊಡಲು ನಿಮ್ಮ ಮೇಷ್ಟರು ಸಿದ್ಧನಿದ್ದೇನೆ, ಸಂಬಳ ಬೇಡ.