ಮುಖಪುಟದ ಅಪಹರಣ

ಮೂವತ್ತೊಂದು ವರ್ಷ ಶಾಲೆಯ ಕರಿಹಲಗೆಯ ಮುಂದೆ ನಿಂತು, 'ವಿಚಾರಿಸದೆ ಯಾರನ್ನೂ ದೂರಬೇಡಿರಿ' ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಆ ಮಾತನ್ನು ನಾನೇ ಮೀರಿದ ಪ್ರಸಂಗವೊಂದನ್ನು ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ಮನೆ ಹಿರಿಯಡ್ಕದಲ್ಲಿ. ನಾನು ನಿವೃತ್ತನಾದ ಮೇಲೆ, ಬೆಂಗಳೂರಿನಲ್ಲಿರುವ ಮಗನು ತನ್ನ ಹಳೆಯ ಕಂಪ್ಯೂಟರನ್ನು ತಂದು ಜಗಲಿಯ ಪಕ್ಕದ ಕೋಣೆಯಲ್ಲಿರಿಸಿ ಹೋದ. ಬ್ರೌಸರನ್ನು ತೆರೆದೊಡನೆ ಮೊದಲು ಕಾಣುವ ಪುಟಕ್ಕೆ ಹೋಂ ಪೇಜು ಎನ್ನುವರಷ್ಟೆ. ನಾನು ಅದನ್ನು ಮುಖಪುಟವೆಂದು ಕರೆಯುತ್ತೇನೆ. ಕನ್ನಡ ವಿಕಿಪೀಡಿಯವನ್ನು ಅಲ್ಲಿ ಕಾಣುವಂತೆ ಮಗ ಏರ್ಪಡಿಸಿದ್ದ. ಬೆಳಗಿನ ಕಾಫಿಯ ಲೋಟ ಹಿಡಿದು ಅದರ ಎದುರು ಕುಳಿತರೆ, ಮನೆಯ ಬಾಗಿಲನ್ನು ತೆರೆದು ಅಂಗಳದ ತುಳಸಿಯನ್ನು ಕಂಡಷ್ಟೇ ಸಮಾಧಾನ ನನಗೆ.

2017ರ ಜೂನ್ ತಿಂಗಳ 19, ಸೋಮವಾರ. ಹೊರಗೆ ಜಡಿಮಳೆ. ಯಂತ್ರವನ್ನು ಹಚ್ಚಿದೆ, ನನ್ನ ಪುಟವಿಲ್ಲ! ಅದರ ಸ್ಥಾನದಲ್ಲಿ ನಾನೆಂದೂ ಕಾಣದ ಒಂದು ಹುಡುಕುಪೆಟ್ಟಿಗೆ, ಅದರ ಕೆಳಗೆ ಇಸ್ಪೀಟಾಟದ, ತೂಕ ಇಳಿಸುವ ಗುಳಿಗೆಗಳ ಜಾಹೀರಾತುಗಳು. ಯಾರೋ ಅಪರಿಚಿತರು ನಮ್ಮ ಜಗಲಿಯಲ್ಲಿ ಅಂಗಡಿ ಹೂಡಿ ಕುಳಿತಂತಿತ್ತು.

ಹಿಂದಿನ ದಿನ ನೆರೆಮನೆಯ ಹುಡುಗ ಬಂದಿದ್ದ. ತಂದೆಯಿಲ್ಲದ ಹುಡುಗ, ತಾಯಿ ನಮ್ಮ ಮನೆಗೆ ಹಾಲು ತಂದುಕೊಡುವವಳು. ಪಿ.ಯು.ಸಿ. ಮೊದಲ ವರ್ಷಕ್ಕೆ ಸೇರಿದ್ದವನು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲೆಂದು ಒಂದು ಗಂಟೆ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಅರ್ಜಿ ಅರ್ಧ ಮುಗಿದಿತ್ತು. ಸೋಮವಾರ ಸಂಜೆ ಉಳಿದುದನ್ನು ಮುಗಿಸಲೆಂದು ಬಂದವನನ್ನು ಜಗಲಿಯಲ್ಲೇ ತಡೆದು, "ಕಂಡ ಕಂಡ ಆಟಗಳನ್ನೆಲ್ಲ ಇಳಿಸಿ ಹಾಳುಮಾಡಲು ನಿನಗೆ ಕೊಟ್ಟದ್ದೇನೋ ಇದನ್ನು?" ಎಂದೆ. ಹುಡುಗ ತಬ್ಬಿಬ್ಬಾದ. "ನಾನು ಏನೂ ಮಾಡಲಿಲ್ಲ ಮಾಷ್ಟ್ರೆ" ಎಂದನಷ್ಟೆ. ಮತ್ತೆ ಕೊಡೆ ಬಿಚ್ಚಿ ಹೊರಟುಹೋದ.

"ಅವನು ಮಾಡಿದ್ದನ್ನು ನೀವು ಕಣ್ಣಾರೆ ಕಂಡಿರೇನು?" ಎಂದು ಒಳಗಿನಿಂದ ಮಡದಿ ಕೇಳಿದಳು. ನಾನು ಉತ್ತರಿಸಲಿಲ್ಲ.

ಮುಂದಿನ ನಾಲ್ಕು ದಿನ ಆ ಪುಟದೊಡನೆ ನನ್ನ ಕಾಳಗ. ಸೆಟ್ಟಿಂಗ್ಸ್ ಎಂಬಲ್ಲಿಗೆ ಹೋಗಿ ಹಳೆಯ ವಿಳಾಸವನ್ನು ಬರೆಯುವೆ, ಸರಿಹೋಗುವುದು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಇಸ್ಪೀಟಿನ ರಾಣಿ ನಗುತ್ತಿರುವಳು! ಹಾಲು ಮಾತ್ರ ಕ್ರಮವಾಗಿ ಬರುತ್ತಿತ್ತು, ತರುವವಳು ಮಾತಾಡುತ್ತಿರಲಿಲ್ಲ. ಹುಡುಗನು ಪೇಟೆಯ ಸೈಬರ್ ಅಂಗಡಿಯಲ್ಲಿ ಕಾದು ನಿಂತು ಅರ್ಜಿ ತುಂಬುತ್ತಿರುವನೆಂದು ಯಾರೋ ಹೇಳಿದರು.

ಶನಿವಾರ ಮಣಿಪಾಲದಿಂದ ತಂಗಿಯ ಮಗಳು ಬಂದಳು. ಇಂಜಿನಿಯರಿಂಗ್ ಓದುವ ಹುಡುಗಿ. ಪರ್ಕಳ, ಆತ್ರಾಡಿ ದಾಟಿ ಬಸ್ಸು ಇಳಿದವಳು ನೆನೆದ ಚೀಲವನ್ನು ಕೆಳಗಿಡುವ ಮೊದಲೇ ನಾನು ದೂರು ಒಪ್ಪಿಸಿದೆ. ಅವಳು ನಕ್ಕು ಕುಳಿತಳು.

"ಮಾವ, ನೀವು ಮೇಲಿನ ಹುಲ್ಲನ್ನು ಕೀಳುತ್ತಿದ್ದೀರಿ. ಗಡ್ಡೆ ಒಳಗೇ ಇದೆ" ಎಂದಳು. ಗಡ್ಡೆ ಒಂದಲ್ಲ, ನಾಲ್ಕು ಕಡೆ ಇದ್ದಿತು. ಬ್ರೌಸರಿಗೆ ಅಂಟಿಕೊಂಡ ಎಕ್ಸ್‌ಟೆನ್ಷನ್ ಒಂದು. ಪರದೆಯ ಮೇಲೆ ನಾನು ಒತ್ತುವ ಚಿತ್ರದ ವಿಳಾಸಕ್ಕೇ ಬಾಲದಂತೆ ಜೋಡಿಸಿದ ಆ ಪುಟದ ಹೆಸರು ಇನ್ನೊಂದು. ಮೂರನೆಯದು, ಯಂತ್ರ ತೆರೆದಾಗಲೆಲ್ಲ ಗುಟ್ಟಾಗಿ ಎದ್ದು ನಾನು ತಿದ್ದಿದುದನ್ನು ಮರಳಿ ಕೆಡಿಸುವ ಒಂದು ಆಜ್ಞೆ. ಇವೆಲ್ಲಕ್ಕೂ ತಾಯಿಯಾದ ಪ್ರೋಗ್ರಾಮು ಕಂಟ್ರೋಲ್ ಪ್ಯಾನೆಲಿನ ಪಟ್ಟಿಯಲ್ಲಿ ಸಭ್ಯನಂತೆ ಕುಳಿತಿತ್ತು.

ಇದರಿಂದ ಯಾರಿಗೇನು ಲಾಭವೆಂದು ಕೇಳಿದೆ. ಆ ಪೆಟ್ಟಿಗೆಯಲ್ಲಿ ನಾವು ಹುಡುಕಿದಾಗ, ಜಾಹೀರಾತನ್ನು ಒತ್ತಿದಾಗ ಅವರಿಗೆ ಕಾಸು ಬರುತ್ತದಂತೆ. ನಾವು ಏನನ್ನು ಹುಡುಕಿದೆವೆಂಬುದೂ ಅವರಿಗೆ ತಿಳಿಯುತ್ತದಂತೆ. ಬ್ಯಾಂಕಿನ ಹೆಸರನ್ನು ಅಲ್ಲಿ ಬರೆದರೆ ಯಾವ ಕಳ್ಳನ ಬಾಗಿಲಿಗೆ ಒಯ್ಯುವುದೋ ಹೇಳಲಾಗದು. ನನ್ನ ಪಿಂಚಣಿ ಬರುವ ಬ್ಯಾಂಕಿನ ಹೆಸರನ್ನು ನಾನು ಎರಡು ಸಲ ಬರೆದಿದ್ದೆ! ಪಾಸ್‌ವರ್ಡನ್ನು ಆಗಲೇ ಅವಳ ಫೋನಿನಿಂದ ಬದಲಿಸಿದೆವು. ಆ ತಿಂಗಳ ಮೊದಲ ದಿನವೇ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯು 'ಫೈರ್‌ಬಾಲ್' ಎಂಬ ಇದೇ ಜಾತಿಯ ಪಿಡುಗಿನ ವಿಷಯ ಪ್ರಕಟಿಸಿತ್ತು: ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರುಗಳು, ನಮ್ಮ ದೇಶದಲ್ಲೇ ಎರಡೂವರೆ ಕೋಟಿಗೂ ಮಿಕ್ಕಿ. ಈ ಲೆಕ್ಕ ಅತಿಯಾಯಿತೆಂದು ಮೈಕ್ರೋಸಾಫ್ಟ್ ಆಕ್ಷೇಪಿಸಿತ್ತು. ಲೆಕ್ಕ ಏನೇ ಇರಲಿ, ನನ್ನದು ಒಂಟಿ ಸಂಕಟವಲ್ಲವೆಂಬುದು ಖಂಡಿತವಾಯಿತು. ಇಂಥವನ್ನು ತೊಳೆಯಲು ಸರಕಾರವೇ ಅದೇ ವರ್ಷದ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವೆಂಬುದನ್ನು ತೆರೆದು ಉಚಿತ ಸಾಧನಗಳನ್ನು ಕೊಡುತ್ತಿದೆಯೆಂದೂ ಹುಡುಗಿ ಹೇಳಿದಳು.

ಪಟ್ಟಿಯಿಂದ ಆ ಪ್ರೋಗ್ರಾಮನ್ನು ಅಳಿಸುವ ಮೊದಲು ಅವಳು ಒಂದು ಕ್ಷಣ ತಡೆದಳು. "ಮಾವ, ಜೂನ್ 15ರಂದು ನೀವು ಏನು ಇಳಿಸಿಕೊಂಡಿರಿ? ಇದು ಒಳಗೆ ಬಂದ ತಾರೀಕು ಇಲ್ಲೇ ಇದೆ."

ಜೂನ್ 15, ಗುರುವಾರ. ನನ್ನ ಬಾಯಿ ಒಣಗಿತು.

ಆ ದಿನ ನಾನು ಶಾಲೆಯ ಸ್ಮರಣ ಸಂಚಿಕೆಗಾಗಿ ನನ್ನದೇ ಒಂದು ಹಳೆಯ ಲೇಖನವನ್ನು ತೆರೆದಿದ್ದೆ. ನುಡಿ ಅಕ್ಷರಗಳಲ್ಲಿ ಟೈಪಾದುದು. ಆ ಅಕ್ಷರಗಳು ಯಂತ್ರದಲ್ಲಿಲ್ಲದ ಕಾರಣ ಪರದೆಯ ತುಂಬ ಇಂಗ್ಲಿಷು ಅಕ್ಷರಗಳೂ ಚಿಹ್ನೆಗಳೂ ಕಲಸಿದ ಗೋಜಲು. ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶವನ್ನು ಅವರ ತಾಣದಲ್ಲೇ ಹುಡುಕುವ ತಾಳ್ಮೆಯಿಲ್ಲದೆ, ಯಾವುದೋ ತಾಣದ ಹಸಿರು ಗುಂಡಿಯನ್ನು ಒತ್ತಿ ಇಳಿಸಿಕೊಂಡಿದ್ದೆ. ಅದು ಕೇಳಿದ ಪ್ರಶ್ನೆಗಳನ್ನು ಓದದೆ ನಾಲ್ಕೈದು ಸಲ 'ನೆಕ್ಸ್ಟ್' ಎಂದಿದ್ದೆ. ಒಪ್ಪಿಗೆಯ ಗುರುತನ್ನು ಅವರೇ ಮೊದಲೇ ಹಾಕಿಟ್ಟಿರುತ್ತಾರಂತೆ, ತೆಗೆಯಬೇಕಾದವರು ನಾವು. ಅಕ್ಷರಗಳು ಮೂಡುವಷ್ಟರಲ್ಲಿ ಗುಡುಗು ಮೊದಲಾಗಿ ತಂತಿಗಳನ್ನೆಲ್ಲ ಕಿತ್ತಿಟ್ಟೆ. ಎಲ್ಲೋ ಮರ ಬಿದ್ದು, ಭಾನುವಾರದವರೆಗೆ ಇಂಟರ್ನೆಟ್ಟು ಇರಲಿಲ್ಲ. ಭಾನುವಾರ ಅದನ್ನು ಮೊದಲು ತೆರೆದವನು ಆ ಹುಡುಗ.

ಹುಡುಗಿ ಅಳಿಸುವುದನ್ನೆಲ್ಲ ಅಳಿಸಿ, ಬ್ರೌಸರನ್ನು ಮೊದಲಿನ ಸ್ಥಿತಿಗೆ ತಂದು ಸ್ನಾನಕ್ಕೆ ಹೋದಳು. ನಾನು ಕೊಡೆ ಹಿಡಿದು ನೆರೆಮನೆಗೆ ನಡೆದೆ. ಹಟ್ಟಿಯಲ್ಲಿ ತಾಯಿ ಹುಲ್ಲು ಹಾಕುತ್ತಿದ್ದಳು. ಹುಡುಗ ಚಾವಡಿಯಲ್ಲಿ ಓದುತ್ತ ಕುಳಿತಿದ್ದ. ಇಬ್ಬರೂ ಎದ್ದು ನಿಂತರು. "ತಪ್ಪು ನನ್ನದು ಮಗಾ. ಅದನ್ನು ತಂದುಹಾಕಿದವನು ನಾನೇ" ಎಂದೆ, ತಾಯಿಗೂ ಕೇಳುವಂತೆ.

ಹುಡುಗನು ಪುಸ್ತಕದ ಅಂಚನ್ನು ಮಡಚುತ್ತ ಬಿಡಿಸುತ್ತ ಸ್ವಲ್ಪ ಹೊತ್ತು ನಿಂತ. ಮತ್ತೆ ತುಳುವಿನಲ್ಲಿ ಮೆಲ್ಲನೆ ಹೇಳಿದ: "ನಾನು ಬಂದಾಗಲೇ ಆ ಪುಟ ಇತ್ತು ಮಾಷ್ಟ್ರೆ. ನೀವೇ ಇಟ್ಟದ್ದಾಗಿರಬಹುದೆಂದು ಮುಟ್ಟಲಿಲ್ಲ."

"ಆಗಲೇ ಹೇಳಬಾರದಿತ್ತೇನೋ?"

"ನೀವು ಕೇಳಲಿಲ್ಲ."

ತಾಯಿ ಅವನನ್ನು ಗದರಿದಳು, ಗದರಬೇಡವೆಂದು ಕೈಮಾಡಿದೆ. ಅರ್ಜಿಯನ್ನು ಸೈಬರಿನಲ್ಲಿ ಮುಗಿಸಿದೆನೆಂದೂ ಮುದ್ರಿಸಿದ ಪ್ರತಿಯನ್ನು ಕಾಲೇಜಿಗೆ ಕೊಡುವುದಷ್ಟೇ ಬಾಕಿಯೆಂದೂ ಹುಡುಗ ಹೇಳಿದ. ಖರ್ಚೆಷ್ಟಾಯಿತೆಂದು ಕೇಳಿದೆ, ಹೇಳಲಿಲ್ಲ.

ಮರುದಿನ ಹಾಲಿನ ತಂಬಿಗೆಯನ್ನು ಅವನೇ ತಂದ. ಕೋಣೆಯ ಬಾಗಿಲಲ್ಲಿ ನಿಂತು ಪರದೆಯತ್ತ ಇಣುಕಿ, "ಹಳೆಯ ಪುಟ ಬಂತಾ ಮಾಷ್ಟ್ರೆ?" ಎಂದ. ನಾನು ಎದ್ದು ಕುರ್ಚಿಯನ್ನು ಅವನತ್ತ ಸರಿಸಿದೆ.