ಒಂದೇ ಮನೆಯಲ್ಲಿ ಐದು ಒಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಗೊಲ್ಲರಹಟ್ಟಿಗಳಲ್ಲಿ ಹಾಡುವ ಜುಂಜಪ್ಪನ ಕಥನದ ಪಾಠಗಳನ್ನು ಹೋಲಿಸಿ ನೋಡುವುದು ನನ್ನ ಪಿಎಚ್‌ಡಿ ಕೆಲಸ. ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಅವನ ನೆಲೆ. ಗಣೆ ಎಂಬ ಉದ್ದನೆಯ ಬಿದಿರ ಕೊಳಲಿನ ಜೊತೆಗೇ ಅವನ ಹಾಡು ಕೇಳಬೇಕು. ಇಂಥ ವಿಷಯ ಹಿಡಿದವರಿಗೆ ಒಂದು ರೆಕಾರ್ಡರು, ಒಂದು ನೋಟ್‌ಬುಕ್ಕು, ಬೈಕಿಗೆ ಪೆಟ್ರೋಲು ಇದ್ದರೆ ಸಾಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಮಾತ್ರ ಮೂರು ತಿಂಗಳಿಂದ ಪ್ರೊಸೆಸರು, ಮೆಮೊರಿ, ಯುಪಿಎಸ್ಸುಗಳ ಲೆಕ್ಕ ಬರೆಯುತ್ತ ಕೂತಿದ್ದೇನೆ.

ಕಾರಣ ಒಂದು ಸಿಡಿ. ಕೊರಟಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಇಪ್ಪತ್ತು ವರ್ಷದ ಹಿಂದೆ ಶಿರಾ ಕಡೆಯ ಗಣೆಯ ತಾತನೊಬ್ಬನಿಂದ ಎರಡು ರಾತ್ರಿ ಹಾಡಿಸಿ, ಬರೆದುಕೊಂಡು, ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಪುಸ್ತಕ ಆಗಲೇ ಇಲ್ಲ. ತಾತ ಈಗಿಲ್ಲ. ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯಿತು, ಕೈಬರಹದ ನೋಟ್‌ಬುಕ್ಕು ಗೆದ್ದಲಿನ ಪಾಲಾಯಿತು. ಉಳಿದದ್ದು ಆ ಸಿಡಿಯೊಂದೇ. ಅದರಲ್ಲಿನ ಒಂದು ಕಡತವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಇನ್ನೊಂದು ಕಡತ ತೆರೆಯುವುದೇ ಇಲ್ಲ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ನಮ್ಮ ಡಿಟಿಪಿ ಅಂಗಡಿಗಳಿಗೆ ಅದು ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಅಲ್ಲಿಯತನಕ ಕನ್ನಡವನ್ನು ಕಂಪ್ಯೂಟರಿಗೆ ತಂದದ್ದು ಬೇರೆ ಜಾಣ್ಮೆ. ಇಂಗ್ಲಿಷ್ ಅಕ್ಷರಕ್ಕೆಂದು ಮೀಸಲಾದ ಸ್ಥಾನದಲ್ಲಿ ಕನ್ನಡದ ಆಕಾರವನ್ನು ಕೂರಿಸಿದ ಫಾಂಟುಗಳು ಬಂದವು. 1998ರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಹೀಗೆ ಹಲವು ತಂತ್ರಾಂಶಗಳ ಹಳೆಯ ಆವೃತ್ತಿಗಳು ನಡೆದದ್ದು ಈ ದಾರಿಯಲ್ಲೇ. ಅವಿಲ್ಲದಿದ್ದರೆ ಆ ಕಾಲದ ಕನ್ನಡ ಪುಸ್ತಕಲೋಕವೇ ನಿಂತುಹೋಗುತ್ತಿತ್ತು. ಆದರೆ ಫಾಂಟು ತಪ್ಪಿದರೆ ಕನ್ನಡವೂ ತಪ್ಪಿತು.

ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಇಲ್ಲವೆಂದಲ್ಲ. ನಾನು ಓಡಿಸಿ ನೋಡಿದೆ. ಅರ್ಕಾವೊತ್ತು ಅಲ್ಲಲ್ಲಿ ಜಾಗ ಬದಲಿಸುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. ಸರ್ಕಾರಿ ಸುತ್ತೋಲೆಯಾದರೆ ಕಣ್ಣಳತೆಯಲ್ಲೇ ತಿದ್ದಬಹುದು. ಹಟ್ಟಿಯ ಆಡುಮಾತಿನಲ್ಲಿ, ಅದೂ ಹಾಡಿನಲ್ಲಿ, ಒಂದು ವಿಚಿತ್ರ ರೂಪ ಕಂಡರೆ ಅದು ಯಂತ್ರದ ಎಡವಟ್ಟೋ ತಾತನ ಬಾಯಿಯೋ ಹೇಳುವವರು ಯಾರು? ಅಂಗಡಿಯವನು ಟೈಪಿಸಿದಾಗ ಪುಟ ಹೇಗಿತ್ತೋ ಹಾಗೇ ನೋಡಬೇಕು. ಅದಕ್ಕೆ ಅವತ್ತಿನ ಕಂಪ್ಯೂಟರೇ ಬೇಕು.

ಗುಜರಿಯಿಂದ ಹಳೆಯದೊಂದನ್ನು ತರಬಹುದು. ಅದರ ಹಾರ್ಡ್‌ಡಿಸ್ಕು ಎಷ್ಟು ದಿನ ತಿರುಗೀತು? ಅದಕ್ಕಿಂತ ವರ್ಚುವಲ್ ಮಷೀನು ಮೇಲು. ಹೊಸ ಕಂಪ್ಯೂಟರೊಂದರ ಒಳಗೆ, ತಾವೇ ಪ್ರತ್ಯೇಕ ಯಂತ್ರಗಳೆಂದು ನಂಬಿಕೊಂಡಿರುವ ಹಲವು ಕಂಪ್ಯೂಟರುಗಳನ್ನು ನಡೆಸುವ ಏರ್ಪಾಡು ಅದು. ಅಣ್ಣತಮ್ಮಂದಿರು ಭಾಗವಾದ ಮೇಲೂ ಒಂದೇ ತೊಟ್ಟಿಮನೆಯಲ್ಲಿದ್ದು ಬೇರೆ ಬೇರೆ ಒಲೆ ಹೂಡುತ್ತಾರಲ್ಲ, ಹಾಗೆ. ಭಾವಿ ಒಂದೇ, ಬಾಗಿಲು ಒಂದೇ, ಅಡುಗೆ ಬೇರೆ.

ನನ್ನ ಮನೆಯಲ್ಲಿ ಐದು ಒಲೆ. ಯಜಮಾನನ ಸ್ಥಾನದ ಲಿನಕ್ಸಿಗೆ 8 ಜಿಬಿ ಮೆಮೊರಿ. ಪೇಜ್‌ಮೇಕರು ಮತ್ತು ಹಳೆಯ ಫಾಂಟುಗಳಿರುವ ವಿಂಡೋಸ್ ಎಕ್ಸ್‌ಪಿಗೆ 2. ಇನ್ನೂ ಹಳೆಯ ಕಡತಗಳಿಗೆಂದು ವಿಂಡೋಸ್ 98. ಅದಕ್ಕೆ ಅರ್ಧ ಜಿಬಿಗಿಂತ ಹೆಚ್ಚು ಬಡಿಸಿದರೆ ಅಜೀರ್ಣ. ಮುದ್ರಿತ ಪುಟಗಳನ್ನು ಓದುವ ಟೆಸೆರಾಕ್ಟ್ ಓಸಿಆರ್‌ಗೆ 8. ಧ್ವನಿಯನ್ನು ಬರಹಕ್ಕಿಳಿಸುವ ಪ್ರಯೋಗಕ್ಕೆ 16. ಕೂಡಿದರೆ ಮೂವತ್ತನಾಲ್ಕೂವರೆ. 32 ಸಾಲದು, ಹಾಗಾಗಿ 64. ಪ್ರೊಸೆಸರಿನ ಲೆಕ್ಕ ಇಷ್ಟು ಬಿಗಿಯಲ್ಲ. ಅದು ಮುಯ್ಯಾಳಿನಂತೆ, ಒಬ್ಬರ ಹೊಲದ ಕೆಲಸ ಮುಗಿಸಿ ಇನ್ನೊಬ್ಬರ ಹೊಲಕ್ಕೆ ಇಳಿಯುತ್ತದೆ. ಎಂಟು ಕೋರಿನದು ಧಾರಾಳ. ಮೆಮೊರಿ ಮಾತ್ರ ಜಮೀನಿದ್ದಂತೆ. ಒಬ್ಬರು ಉಳುತ್ತಿರುವಾಗ ಇನ್ನೊಬ್ಬರಿಗೆ ಸುಲಭಕ್ಕೆ ಸಿಗುವುದಿಲ್ಲ.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ರಕ್ಷಣೆ 2014ರ ಏಪ್ರಿಲ್‌ನಲ್ಲೇ ಮುಗಿದಿದೆ. ಆ ಕೋಣೆಗೆ ಇಂಟರ್ನೆಟ್ಟಿನ ಕಿಟಕಿ ಇಡುವಂತಿಲ್ಲ. ಕಡತ ಒಳಗೆ ಹೋಗಿ ಪಿಡಿಎಫ್ ಆಗಿ ಹೊರಬಂದರೆ ಸಾಕು.

ಇನ್ನು ಕರೆಂಟು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಹರಡಿದೆ. ಹಟ್ಟಿಗಳಿಗೆ ಹೋಗುವಾಗ ಆ ನೀಲಿ ಹಲಗೆಗಳ ಪಕ್ಕದಲ್ಲೇ ಹಾದುಹೋಗುತ್ತೇನೆ. ಮಧುಗಿರಿಗೆ ವಾಪಸು ಬಂದರೆ ಮನೆಯಲ್ಲಿ ಕರೆಂಟಿಲ್ಲ. ಅಲ್ಲಿ ಹುಟ್ಟಿದ ವಿದ್ಯುತ್ತು ದೊಡ್ಡ ತಂತಿಗಳಲ್ಲಿ ದೊಡ್ಡ ಜಾಲಕ್ಕೆ ಸೇರುತ್ತದೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿಗೂ ಅದಕ್ಕೂ ನೆರೆಹೊರೆಯ ಸಲಿಗೆಯೇನೂ ಇಲ್ಲ. ಐದು ಯಂತ್ರಗಳು ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಐದೂ ಒಟ್ಟಿಗೆ ಕೆಡಬಹುದು. ಮೇಲೆ ಬೇಸಿಗೆ ಬೇರೆ. ನಮ್ಮ ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು ರಾತ್ರಿ ಊರಿನ ಮೇಲೆ ಉಸಿರು ಬಿಡುತ್ತದೆ. ಆದ್ದರಿಂದ 65 ವಾಟಿನ ತಣ್ಣನೆಯ ಪ್ರೊಸೆಸರು, ಗಾಳಿಯಾಡುವ ಪೆಟ್ಟಿಗೆ, 1 ಕೆವಿಎ ಯುಪಿಎಸ್ಸು.

ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡೂ ಇತ್ತು. ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಕಾರ್ಡೊಂದೇ ಅದನ್ನು ಮುಕ್ಕಾಲು ನುಂಗುತ್ತದೆ. ಧ್ವನಿಯಿಂದ ಬರಹ ಮಾಡುವ ತಂತ್ರಾಂಶಕ್ಕೆ ಪಾವಗಡದ ಒಂದು ರೆಕಾರ್ಡಿಂಗು ಕೊಟ್ಟು ನೋಡಿದ್ದೆ. ತೆಲುಗು ಬೆರೆತ ಆ ಕನ್ನಡವನ್ನು ಅದು ಸುದ್ದಿವಾಚಕರ ಕನ್ನಡ ಮಾಡಿ ಕೊಟ್ಟಿತು. ನನಗೆ ಬೇಕಾದದ್ದನ್ನೇ ಅಳಿಸಿಹಾಕುವ ವೇಗಕ್ಕೆ ದುಡ್ಡು ಯಾಕೆ? ಕಾರ್ಡು ಹೊಡೆದುಹಾಕಿದೆ. ಪ್ರಯೋಗ ರಾತ್ರಿಯೆಲ್ಲ ನಿಧಾನಕ್ಕೆ ಓಡಲಿ. ಆ ದುಡ್ಡು ಡಿಸ್ಕಿಗೆ ಹೋಯಿತು. ಒಳ್ಳೆಯ ಗುಣಮಟ್ಟದ ಸ್ಟೀರಿಯೋ ರೆಕಾರ್ಡಿಂಗು ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ, ಜುಂಜಪ್ಪನ ಹಾಡು ರಾತ್ರಿಯಿಡೀ ನಡೆಯುತ್ತದೆ. ಎಲ್ಲದರ ಎರಡು ಪ್ರತಿ ಮನೆಯಲ್ಲಿ, ಮೂರನೆಯದು ಬೆಂಗಳೂರಿನ ಗೆಳತಿಯ ಮನೆಯಲ್ಲಿ.

“ಅಲ್ಲ ಮಗಾ, ಸತ್ತೋದ ಕಂಪ್ಯೂಟ್ರುಗಳ್ನ ಸಾಕಕ್ಕೆ ಹೊಸ ಕಂಪ್ಯೂಟ್ರಾ?” ಎಂದು ಅಮ್ಮ ಕೇಳಿದಳು. ಹೌದಮ್ಮ, ಕೆಲವು ವರ್ಷದ ಮಟ್ಟಿಗೆ. ತಾತನ ಸಾಲುಗಳು ಪುಟದ ಮೇಲೆ ಕಂಡ ದಿನ ಮೊದಲು ಪ್ರಿಂಟು ತೆಗೆಯಬೇಕು. ಮೇಷ್ಟ್ರ ಜೊತೆ ಕೂತು ಸಾಲುಸಾಲಾಗಿ ಓದಿ, ಯೂನಿಕೋಡಿನಲ್ಲಿ ಮತ್ತೆ ಟೈಪಿಸಬೇಕು. ಮೇಷ್ಟ್ರಿಗೆ ಎಪ್ಪತ್ತೆಂಟು. ತಾತ ಹಾಡಿದ್ದನ್ನು ಕಿವಿಯಾರೆ ಕೇಳಿದವರಲ್ಲಿ ನನಗೆ ಗೊತ್ತಿರುವವರು ಅವರೊಬ್ಬರೇ. ನನ್ನ ಲೆಕ್ಕದ ಪಟ್ಟಿಯಲ್ಲಿ ಎರಡನೇ ಪ್ರತಿ ಇಲ್ಲದಿರುವುದು ಅವರ ನೆನಪಿಗೆ ಮಾತ್ರ. ಮೆಮೊರಿ, ಡಿಸ್ಕುಗಳಿಗೆ ಆರ್ಡರ್ ಹಾಕಿದ್ದೇನೆ. ಪೆಟ್ಟಿಗೆ ಬರುವುದು ಬರಲಿ, ಈ ಭಾನುವಾರದಿಂದಲೇ ಕೊರಟಗೆರೆಗೆ ಹೋಗಿ ಕೂರುತ್ತೇನೆ.